ಕರೆದರೂ ಬಾರದವರು

ಬ್ಯಾಡಗಿಯ ಹೆಸರು ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುವುದು ಸಾಮಾನ್ಯವಾಗಿ ಮೆಣಸಿನಕಾಯಿಯ ಧಾರಣೆಯ ಜೊತೆಯಲ್ಲಿ. ೨೦೨೪ರ ಮಾರ್ಚ್ ೧೧ರಂದು ಧಾರಣೆ ಒಮ್ಮೆಲೆ ಕುಸಿದಾಗ ರೈತರ ಸಿಟ್ಟು ಮಾರುಕಟ್ಟೆಯ ಕಚೇರಿಗೂ ವಾಹನಗಳಿಗೂ ಬೆಂಕಿಯಾಗಿ ತಗುಲಿತು; ಮರುದಿನದ ಪತ್ರಿಕೆಗಳಲ್ಲಿ ಬ್ಯಾಡಗಿಯದೇ ಮಾತು. ಆ ಕಾಯಿಯ ಕೆಂಪು ತುಟಿಗೆ ಹಚ್ಚುವ ರಂಗಿನವರೆಗೂ ಹೋಗುತ್ತದೆಂಬುದನ್ನೂ, ೨೦೧೧ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮನ್ನಣೆ ದೊರೆಯಿತೆಂಬುದನ್ನೂ ಓದಿದವರೆಲ್ಲ ಬಲ್ಲರು. ಆದರೆ ಆ ಕಾಯಿ ಚೀಲ ಸೇರುವ ಮುನ್ನ ಅದರ ತೊಟ್ಟನ್ನು ಒಂದೊಂದಾಗಿ ಮುರಿಯುತ್ತ ರಾಶಿಯ ಮುಂದೆ ಇಡೀ ದಿನ ಕುಳಿತಿರುವ ಹೆಣ್ಣುಮಕ್ಕಳ ವಿಷಯವಾಗಿ ನಾವು ಓದುವುದು ಕಡಿಮೆ. ಅವರಲ್ಲಿ ಬಹುಮಂದಿ ಮೂವತ್ತು ದಾಟಿದವರು. ಇಂದು ನಾನು ಚರ್ಚಿಸಬೇಕೆಂದಿರುವ ವಿಷಯ ಅವರಿಗೂ, ಅವರಂತೆಯೇ ಹಾವೇರಿ ರಾಣೆಬೆನ್ನೂರು ಸೀಮೆಯಲ್ಲಿ ದುಡಿಯುವ ಹೆಂಗಸರಿಗೂ ಸಂಬಂಧಿಸಿದ್ದು: ಗರ್ಭಕೋಶದ ಕೊರಳಿಗೆ ತಗಲುವ ಕ್ಯಾನ್ಸರನ್ನು ಮೊದಲೇ ಕಂಡುಹಿಡಿಯುವ ಪರೀಕ್ಷೆಗೆ ಅವರು ಏಕೆ ಬರುತ್ತಿಲ್ಲ?

ಪ್ರಶ್ನೆ ಸಣ್ಣದಲ್ಲ. ೨೦೨೨ರ ಅಂತರರಾಷ್ಟ್ರೀಯ ಅಂದಾಜಿನಂತೆ ಭಾರತದಲ್ಲಿ ಆ ಒಂದು ವರ್ಷದಲ್ಲಿಯೇ ಸುಮಾರು ೧ ಲಕ್ಷ ೨೭ ಸಾವಿರ ಹೆಂಗಸರಿಗೆ ಈ ರೋಗ ತಗುಲಿತು. ಸುಮಾರು ೮೦ ಸಾವಿರ ಮಂದಿ ಇದರಿಂದ ಸತ್ತರು. ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ೩೦ರಿಂದ ೪೯ ವರ್ಷದವರೊಳಗೆ ಒಮ್ಮೆಯಾದರೂ ಈ ಪರೀಕ್ಷೆ ಮಾಡಿಸಿಕೊಂಡವರು ದೇಶದಲ್ಲಿ ನೂರಕ್ಕೆ ಇಬ್ಬರೂ ಇರಲಿಲ್ಲ. ಕರ್ನಾಟಕದ ಅಂಕಿ ಅದಕ್ಕಿಂತಲೂ ಕೆಳಗೆ. ವಿಶ್ವ ಆರೋಗ್ಯ ಸಂಸ್ಥೆಯಾದರೋ ೨೦೩೦ರ ಹೊತ್ತಿಗೆ ನೂರಕ್ಕೆ ೭೦ ಮಂದಿಗೆ ಪರೀಕ್ಷೆಯಾಗಬೇಕೆಂದು ೨೦೨೦ರಲ್ಲಿಯೇ ಗುರಿಯಿಟ್ಟಿದೆ. ಎರಡಕ್ಕೂ ಎಪ್ಪತ್ತಕ್ಕೂ ನಡುವೆ ಇರುವ ಕಂದರಕ್ಕೆ ಸಭೆ ಸಮಾರಂಭಗಳಲ್ಲಿ ಕೇಳಿಬರುವ ಕಾರಣ ಒಂದೇ: ನಮ್ಮ ಹಳ್ಳಿಯ ಹೆಂಗಸರು ಅಜ್ಞಾನಿಗಳು, ನಾಚಿಕೆಯ ಸ್ವಭಾವದವರು, ಅವರಲ್ಲಿ ಅರಿವು ಮೂಡಿಸಬೇಕು. ಈ ವಿವರಣೆ ಹೇಳುವವರಿಗೆ ಬಹಳ ಅನುಕೂಲವಾದದ್ದು. ತಪ್ಪನ್ನೆಲ್ಲ ಬಾರದವರ ಮೇಲೆ ಹೊರಿಸಿ ಕರೆದವರನ್ನು ನಿರ್ದೋಷಿಗಳನ್ನಾಗಿಸುತ್ತದೆ. ಅದು ನಿಜವಲ್ಲವೆಂದು ನಾನು ನಂಬಿದ್ದೇನೆ.

ರೋಗದ ಸ್ವಭಾವವನ್ನು ಸ್ವಲ್ಪ ನೋಡೋಣ. ಇದು ಅವಸರದ ರೋಗವಲ್ಲ. ಪ್ಯಾಪಿಲೋಮಾ ಎಂಬ ವೈರಾಣುವಿನ ಕೆಲವು ಬಗೆಗಳು ಗರ್ಭಕೊರಳಿನಲ್ಲಿ ಬಹುಕಾಲ ನೆಲೆಯೂರಿದರೆ ಅಲ್ಲಿಯ ಜೀವಕೋಶಗಳು ಮೆಲ್ಲಮೆಲ್ಲಗೆ ಕೆಡುತ್ತವೆ; ಆ ಕೆಡುಕು ಕ್ಯಾನ್ಸರಾಗಿ ಬಲಿಯಲು ಸಾಮಾನ್ಯವಾಗಿ ಹತ್ತು ಹದಿನೈದು ವರ್ಷಗಳಾದರೂ ಬೇಕು. ಅಷ್ಟು ದೀರ್ಘವಾದ ಅವಕಾಶವನ್ನು ಕೊಡುವ ಕ್ಯಾನ್ಸರುಗಳು ಹೆಚ್ಚಿಲ್ಲ. ಈ ವೈರಾಣುವಿಗೂ ರೋಗಕ್ಕೂ ಇರುವ ನಂಟನ್ನು ತೋರಿಸಿದ ಜರ್ಮನಿಯ ಹರಾಲ್ಡ್ ತ್ಸುರ್ ಹೌಸೆನ್ ಅವರಿಗೆ ೨೦೦೮ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಆದರೆ ಅದರ ಸುಳಿವು ಬಹಳ ಹಿಂದೆಯೇ ಸಿಕ್ಕಿದ್ದಿತು. ಇಟಲಿಯ ವೆರೋನಾ ನಗರದ ಮರಣದ ದಾಖಲೆಗಳನ್ನು ಪರಿಶೀಲಿಸಿದ ರಿಗೋನಿ-ಸ್ಟರ್ನ್ ಎಂಬ ವೈದ್ಯ, ಗರ್ಭಕೋಶದ ಕ್ಯಾನ್ಸರ್ ಗೃಹಿಣಿಯರಲ್ಲಿ ಹೆಚ್ಚಾಗಿಯೂ ಸಂನ್ಯಾಸಿನಿಯರಲ್ಲಿ ಅಪರೂಪವಾಗಿಯೂ ಇದೆಯೆಂದು ೧೮೪೨ರಲ್ಲಿಯೇ ತಿಳಿಸಿದ್ದ.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ದಾಂಪತ್ಯದ ಮೂಲಕ ಬರುವ ವೈರಾಣುವೆಂದೊಡನೆ ಶೀಲದ ಶಂಕೆ ತಲೆಯೆತ್ತುತ್ತದೆ. ಶಂಕೆ ಹೆಂಗಸಿನ ಮೇಲೆಯೇ ಬೀಳುತ್ತದೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ವಾಸ್ತವವಾಗಿ ಈ ವೈರಾಣು ಎಷ್ಟು ಸಾಮಾನ್ಯವೆಂದರೆ, ಸಂಸಾರ ಮಾಡಿದ ಗಂಡಸರಲ್ಲಿಯೂ ಹೆಂಗಸರಲ್ಲಿಯೂ ಬಹುಪಾಲು ಜನರನ್ನು ಅದು ಎಂದಾದರೊಮ್ಮೆ ಮುಟ್ಟಿಯೇ ಇರುತ್ತದೆ. ಹೆಚ್ಚಿನವರಲ್ಲಿ ಒಂದೆರಡು ವರ್ಷಗಳಲ್ಲಿ ತಾನಾಗಿಯೇ ಮಾಯವಾಗುತ್ತದೆ. ಪರೀಕ್ಷೆಯಲ್ಲಿ ವೈರಾಣು ಕಂಡರೆ ಅದು ಯಾರ ನಡತೆಯ ಮೇಲೂ ಕೊಟ್ಟ ತೀರ್ಪಲ್ಲ. ಕ್ಯಾನ್ಸರ್ ಆಗಿದೆಯೆಂಬ ಅರ್ಥವೂ ಅಲ್ಲ. ಈ ಎರಡು ವಾಕ್ಯಗಳನ್ನು ಗಂಡಸರೂ ಕೇಳಿಸಿಕೊಂಡಲ್ಲದೆ ಮನೆಯ ಹೆಂಗಸು ಧೈರ್ಯವಾಗಿ ಹೊರಡಲಾರಳು. ನಮ್ಮ ಅರಿವಿನ ಸಭೆಗಳಲ್ಲಿ ಗಂಡಸರು ಕಾಣುವುದು ವೇದಿಕೆಯ ಮೇಲೆ ಮಾತ್ರ.

ಪದಗಳ ತೊಡಕೂ ಉಂಟು. ಪ್ರಕಟಣೆಗಳಲ್ಲಿ ಅಚ್ಚಾಗುವ 'ಗರ್ಭಕಂಠ'ವನ್ನು ಈ ಭಾಗದಲ್ಲಿ ಯಾವ ಹೆಂಗಸೂ ಆಡಿದ್ದನ್ನು ನಾನು ಕೇಳಿಲ್ಲ. ಅವರದು 'ಗರ್ಭಚೀಲ', ತೊಂದರೆಯಾದರೆ 'ಬಿಳಿ ಹೋಗುವುದು', 'ಸೊಂಟನೋವು'. ಚೀಲಕ್ಕೆ ಬಾಯಿಯುಂಟು, ಆ ಬಾಯನ್ನು ನೋಡಬೇಕು ಎಂದರೆ ಮೆಣಸಿನಕಾಯಿ ಚೀಲ ಹೊಲಿಯುವವಳಿಗೆ ಕ್ಷಣದಲ್ಲಿ ತಿಳಿಯುತ್ತದೆ. ಇನ್ನು 'ತಪಾಸಣೆ'! ಆ ಪದವನ್ನು ಜನ ಕೇಳಿರುವುದು ಚೆಕ್‌ಪೋಸ್ಟಿನಲ್ಲಿ, ಪೊಲೀಸರ ಬಾಯಲ್ಲಿ. ತಪ್ಪು ಮಾಡಿದವರನ್ನು ಹಿಡಿಯುವ ಪದದಿಂದ ಆರೋಗ್ಯವಂತರನ್ನು ಕರೆಯುವುದು ಜಾಣತನವಲ್ಲ. ಸಾಹಿತ್ಯದ ಪುಟದಲ್ಲಿ ಈ ಪದವಿಚಾರಕ್ಕೆ ಎಡೆಯಿದೆಯೆಂದು ಭಾವಿಸಿ ಇಷ್ಟು ಹೇಳಿದೆ.

ಹೆಂಗಸರು ಸ್ವಭಾವತಃ ಒಪ್ಪುವುದಿಲ್ಲವೆಂಬ ವಾದಕ್ಕೆ ಉತ್ತರ ದೂರದಲ್ಲಿಲ್ಲ. ನಮ್ಮ ಬೀದರ ಕಲಬುರಗಿ ಜಿಲ್ಲೆಗಳ ಗಡಿಗೆ ತಾಗಿದ ಮಹಾರಾಷ್ಟ್ರದ ಉಸ್ಮಾನಾಬಾದಿನಲ್ಲಿ—ಈಗ ಅದರ ಹೆಸರು ಧಾರಾಶಿವ—೧೯೯೯ರಿಂದ ಒಂದು ದೊಡ್ಡ ಪ್ರಯೋಗ ನಡೆಯಿತು. ೩೦ರಿಂದ ೫೯ ವರ್ಷದ ಸುಮಾರು ೧ ಲಕ್ಷ ೩೧ ಸಾವಿರ ಗ್ರಾಮೀಣ ಸ್ತ್ರೀಯರನ್ನು ಊರುಗಳ ಗುಂಪಿನಂತೆ ನಾಲ್ಕು ಭಾಗ ಮಾಡಿ, ಮೂರು ಭಾಗಗಳಿಗೆ ಮೂರು ಬಗೆಯ ಪರೀಕ್ಷೆಗಳನ್ನು ಒದಗಿಸಿದರು. ವೈರಾಣು ಪರೀಕ್ಷೆಗೆ ಕರೆದವರಲ್ಲಿ ಬಂದವರು ನೂರಕ್ಕೆ ಸುಮಾರು ೮೦ ಮಂದಿ! ಅವರೂ ಜೋಳದ ಹೊಲದಲ್ಲಿ ದುಡಿಯುವವರು, ಅವರಲ್ಲಿಯೂ ಅಕ್ಷರ ಬಾರದವರು ಬಹಳ. ಎಂಟು ವರ್ಷಗಳ ಕೊನೆಗೆ ಲೆಕ್ಕ ಹಾಕಿದಾಗ ವೈರಾಣು ಪರೀಕ್ಷೆಯ ಗುಂಪಿನಲ್ಲಿ ಈ ರೋಗದಿಂದ ಸತ್ತವರು ೩೪. ಸಂಖ್ಯೆಯಲ್ಲಿ ತುಸು ಚಿಕ್ಕದಾದ, ಪರೀಕ್ಷೆಯಿಲ್ಲದ ಗುಂಪಿನಲ್ಲಿ ೬೪. ೨೦೦೯ರಲ್ಲಿ ಪ್ರಕಟವಾದ ಈ ಫಲಿತಾಂಶ ಜಗತ್ತಿನ ಧೋರಣೆಯನ್ನೇ ತಿದ್ದಿತು. ಒಂದು ಗುಂಪನ್ನು ಪರೀಕ್ಷೆಯಿಲ್ಲದೆ ಬಿಟ್ಟದ್ದು ನ್ಯಾಯವೆ ಎಂಬ ವಿವಾದವೂ ಎದ್ದಿತು, ಏಳಬೇಕಾದುದೇ. ಮುಂಬಯಿಯಲ್ಲಿ ಟಾಟಾ ಸ್ಮಾರಕ ಆಸ್ಪತ್ರೆಯವರು ಹತ್ತನೆಯ ತರಗತಿ ಓದಿದ ಸ್ಥಳೀಯ ಹೆಣ್ಣುಮಕ್ಕಳಿಗೆ ನಾಲ್ಕು ವಾರ ತರಬೇತಿ ಕೊಟ್ಟು, ಕೊಳೆಗೇರಿಗಳಲ್ಲಿ ವಿನೆಗರಿನಲ್ಲಿರುವ ಆಮ್ಲವನ್ನು ಹಚ್ಚಿ ನೋಡುವ ಸರಳ ಪರೀಕ್ಷೆಯನ್ನು ಅವರಿಂದಲೇ ಮಾಡಿಸಿದರು. ಸಾವು ನೂರಕ್ಕೆ ೩೧ರಷ್ಟು ತಗ್ಗಿತು. ಕೆಟ್ಟ ಜಾಗ ಆ ಆಮ್ಲ ಸೋಕಿದ ಒಂದು ನಿಮಿಷದಲ್ಲಿ ಬಿಳುಪೇರುತ್ತದೆ, ಯಂತ್ರವಿಲ್ಲ, ಪ್ರಯೋಗಶಾಲೆಯಿಲ್ಲ.

ಅಂದರೆ ತಕ್ಕ ರೀತಿಯಲ್ಲಿ ಕರೆದರೆ ಬರುತ್ತಾರೆ. ಫಿನ್‌ಲೆಂಡ್ ದೇಶದವರು ೧೯೬೦ರ ದಶಕದ ಆರಂಭದಲ್ಲಿಯೇ ಇದನ್ನು ಅರಿತರು. ಅಲ್ಲಿ ಪ್ರತಿಯೊಬ್ಬ ಹೆಂಗಸಿಗೂ ಹೆಸರು ಬರೆದ ಕರೆಯೋಲೆ ಮನೆಗೆ ಹೋಗುತ್ತದೆ. ಆ ರೋಗದ ಹಾವಳಿ ಅಲ್ಲಿ ಐದರಲ್ಲಿ ನಾಲ್ಕು ಪಾಲು ಇಳಿದದ್ದು ಹೊಸ ಔಷಧದಿಂದಲ್ಲ. ನಮ್ಮಲ್ಲಿ ಕೇಂದ್ರ ಸರ್ಕಾರ ೨೦೧೬ರಲ್ಲಿ ಮಾರ್ಗಸೂಚಿಯನ್ನು ಹೊರಡಿಸಿ, ೩೦ರಿಂದ ೬೫ ವರ್ಷದವರಿಗೆ ಐದು ವರ್ಷಕ್ಕೊಮ್ಮೆ ಆಮ್ಲ ಹಚ್ಚಿ ನೋಡುವ ಪರೀಕ್ಷೆಯಾಗಬೇಕೆಂದಿತು. ಆಶಾ ಕಾರ್ಯಕರ್ತೆ ಮನೆಗೆ ಬಂದು ಫಾರಂ ತುಂಬುತ್ತಾಳೆ. ಆದರೆ ತುಂಬಿದ ಫಾರಮಿಗೂ ಮಾಡಿದ ಪರೀಕ್ಷೆಗೂ ನಡುವೆ ಒಂದು ಮರೆಯಾದ ಕೋಣೆ, ಒಂದು ಮಂಚ, ಒಂದು ದೀಪ, ತರಬೇತಾದ ಒಬ್ಬ ಹೆಂಗಸು ಇರಬೇಕಷ್ಟೆ. ಇವುಗಳಲ್ಲಿ ಒಂದು ಇಲ್ಲದಿದ್ದರೂ ಫಾರಂ ಫಾರಮಾಗಿಯೇ ಉಳಿಯುತ್ತದೆ.

ಈಗ ರಾಣೆಬೆನ್ನೂರಿನ ಮಾತಿಗೆ ಬರುತ್ತೇನೆ. ಇಲ್ಲಿಯ ಪ್ರಶ್ನೆ ಉಸ್ಮಾನಾಬಾದಿನದಕ್ಕಿಂತ ಕಠಿನವಾದುದು. ನನ್ನ ದೃಷ್ಟಿಯಲ್ಲಿ ಇಡೀ ವಿಚಾರದ ತಿರುಳು ಇಲ್ಲಿಯೇ ಇದೆ.

ಕಳೆದ ದಶಕದಲ್ಲಿ ರಾಣೆಬೆನ್ನೂರಿನ ಸರ್ಕಾರಿ ಆಸ್ಪತ್ರೆಯಲ್ಲಿ ಸಾವಿರಕ್ಕೂ ಮಿಕ್ಕಿ ಹೆಂಗಸರ ಗರ್ಭಕೋಶಗಳನ್ನು ಅಗತ್ಯವಿಲ್ಲದೆ ತೆಗೆಯಲಾಯಿತೆಂಬ ದೂರು ಎದ್ದಿತು. ಅವರಲ್ಲಿ ಲಂಬಾಣಿ ತಾಂಡಾಗಳವರೂ ಕೂಲಿಯ ಮನೆಗಳವರೂ ಹೆಚ್ಚು. ಪರಿಹಾರ ಬೇಡಿ ಅವರು ಧರಣಿ ಕುಳಿತರು, ಮೆರವಣಿಗೆ ಹೊರಟರು. ೨೦೧೫ರ ಸುಮಾರಿಗೆ ಕಲಬುರಗಿಯಿಂದ ಖಾಸಗಿ ಆಸ್ಪತ್ರೆಗಳ ಮೇಲೆ ಇದೇ ಬಗೆಯ ದೂರು ಬಂದಿತ್ತು. ೨೦೧೯ರಲ್ಲಿ ಮಹಾರಾಷ್ಟ್ರದ ಬೀಡ ಜಿಲ್ಲೆಯ ಕಬ್ಬು ಕಡಿಯುವ ಹೆಂಗಸರ ಕಥೆ ದೇಶವನ್ನು ಬೆಚ್ಚಿಬೀಳಿಸಿತು. ೨೦೨೩ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ಇಂಥ ಶಸ್ತ್ರಕ್ರಿಯೆಗಳನ್ನು ತಡೆಯುವ ಮಾರ್ಗಸೂಚಿಯನ್ನು ಜಾರಿಗೊಳಿಸುವಂತೆ ರಾಜ್ಯಗಳಿಗೆ ಅಪ್ಪಣೆ ಮಾಡಿತು. ದೇಶದಲ್ಲಿ ಇಂಥ ದೂರುಗಳು ಎದ್ದಾಗಲೆಲ್ಲ ಮರಳಿ ಮರಳಿ ಕೇಳಿಬಂದ ಮಾತು ಒಂದಿದೆ: ತೆಗೆಸದಿದ್ದರೆ ಕ್ಯಾನ್ಸರ್ ಆದೀತೆಂದು ಹೆದರಿಸಿದರು.

ಈ ಮಾತನ್ನು ವಾಚಕರು ಒಂದು ಕ್ಷಣ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಹೊಟ್ಟೆನೋವೆಂದೋ ಬಿಳಿ ಹೋಗುತ್ತದೆಂದೋ ಹೋದ ಬಡವಿಯ ಕಿವಿಗೆ 'ಗರ್ಭಕೋಶ', 'ಕ್ಯಾನ್ಸರ್' ಎಂಬ ಎರಡು ಪದಗಳು ಮೊದಲ ಬಾರಿಗೆ ಒಟ್ಟಿಗೆ ಬಿದ್ದದ್ದು ಬೆದರಿಕೆಯಾಗಿ. ಈಗ ಅದೇ ಎರಡು ಪದಗಳನ್ನು ಹಿಡಿದು ನಾವು ಹಿತವಚನ ಹೇಳಲು ಹೊರಟಿದ್ದೇವೆ. ಆಕೆ ಹಿಂದೆಗೆಯುವುದು ಅಜ್ಞಾನವೆ? ನನಗೆ ಅದು ಅನುಭವದಿಂದ ಬಂದ ವಿವೇಕವಾಗಿ ತೋರುತ್ತದೆ. ರಾಣೆಬೆನ್ನೂರಿನ ಕಡೆಯ ಒಂದು ಹಳ್ಳಿಯಲ್ಲಿ ನಡುವಯಸ್ಸಿನ ಹೆಣ್ಣುಮಗಳೊಬ್ಬಳು ನನಗೆ ಅಂದದ್ದು ಇಷ್ಟೆ: "ಹೊಟ್ಟಿ ನೋವಂತ ಹೋದಾಕಿ ಗರ್ಭಚೀಲ ಕಳಕೊಂಡು ಬಂದ್ಲು. ನಾ ಏನೂ ನೋವಿಲ್ಲದ ಯಾಕ ಹೋಗ್ಲಿರಿ?" ಅರಿವು ಮೂಡಿಸುವ ಯಾವ ಭಾಷಣದಲ್ಲಿಯೂ ಈ ಪ್ರಶ್ನೆಗೆ ಉತ್ತರವಿಲ್ಲ. ಉತ್ತರ ಇರುವುದು ಪರೀಕ್ಷೆಯ ಸ್ವರೂಪದಲ್ಲಿಯೇ. ಅದನ್ನು ನಾವು ಹೇಳುತ್ತಿಲ್ಲ. ಈ ಪರೀಕ್ಷೆ ಇರುವುದೇ ಗರ್ಭಚೀಲವನ್ನು ಉಳಿಸುವುದಕ್ಕೆ. ಕೆಟ್ಟ ಭಾಗ ಆರಂಭದಲ್ಲಿಯೇ ಕಂಡರೆ ಅದನ್ನು ಹೆಪ್ಪುಗಟ್ಟಿಸಿಯೋ, ಬಿಸಿಯ ಸಣ್ಣ ಸಲಕರಣೆಯಿಂದ ಸುಟ್ಟೋ ನಿಮಿಷಗಳಲ್ಲಿ ನಿವಾರಿಸಬಹುದು. ಹೊಟ್ಟೆ ಕೊಯ್ಯಬೇಕಾಗಿಲ್ಲ, ಆಸ್ಪತ್ರೆಯಲ್ಲಿ ಮಲಗಬೇಕಾಗಿಲ್ಲ. ಆಕೆ ಅಂದೇ ನಡೆದು ಮನೆಗೆ ಹೋಗುತ್ತಾಳೆ. ಕ್ಯಾನ್ಸರ್ ಬಂದೀತೆಂಬ ಅಂಜಿಕೆಯಿಂದ ಗರ್ಭಕೋಶ ತೆಗೆಸಲು ಹೊರಟವಳಿಗೆ ಬೇಡವೆನ್ನುವ ಆಧಾರವೂ ಇದೇ ಪರೀಕ್ಷೆ. ಕರೆಯುವವರು ಮೊದಲು ಹೇಳಬೇಕಾದ ಮಾತು, 'ರೋಗವಿದೆಯೋ ನೋಡುತ್ತೇವೆ' ಎಂಬುದಲ್ಲ. 'ನಿನ್ನ ಅನುಮತಿಯಿಲ್ಲದೆ ಏನನ್ನೂ ತೆಗೆಯುವುದಿಲ್ಲ' ಎಂಬುದು.

ನಂಬಿಕೆಯ ತರುವಾಯ ಬರುವುದು ಹೊತ್ತಿನ ಪ್ರಶ್ನೆ. ರಾಣೆಬೆನ್ನೂರು ಮಿಶ್ರತಳಿ ಬೀಜಗಳಿಗೆ ಹೆಸರಾದ ಊರು. ಹತ್ತಿ, ಟೊಮ್ಯಾಟೊ, ಮೆಣಸು, ಬೆಂಡೆಗಳ ಬೀಜೋತ್ಪಾದನೆಯ ಹೊಲಗಳಲ್ಲಿ 'ಕ್ರಾಸಿಂಗ್' ಮಾಡುವವರು ಹೆಚ್ಚಾಗಿ ಹೆಣ್ಣುಮಕ್ಕಳೇ. ಹತ್ತಿಯಲ್ಲಿ ಹಿಂದಿನ ದಿನ ಇಳಿಹೊತ್ತಿನಲ್ಲಿ ಮೊಗ್ಗಿನ ಗಂಡುಭಾಗವನ್ನು ಬಿಡಿಸಿ, ಮರುದಿನ ಬೆಳಗ್ಗೆ ಬೇರೆ ತಳಿಯ ಪರಾಗವನ್ನು ಮುಟ್ಟಿಸಬೇಕು. ಹೂವು ನಾಳೆಗೆ ಕಾಯುವುದಿಲ್ಲ. ಅಂಥ ಹಂಗಾಮಿನಲ್ಲಿ ಬೆಳಗಿನ ಹತ್ತು ಗಂಟೆಗೆ ಶಿಬಿರವಿಟ್ಟು, ಜನ ಬರಲಿಲ್ಲವೆಂದು ವರದಿ ಬರೆದರೆ ಏನು ಪ್ರಯೋಜನ? ಬ್ಯಾಡಗಿಯಲ್ಲಿ ವರ್ಷಾರಂಭದಿಂದ ಬೇಸಗೆಯವರೆಗೆ ಮಾರುಕಟ್ಟೆಯ ಭರಾಟೆ. ತೊಟ್ಟು ಮುರಿದಷ್ಟು ಕೂಲಿ. ೨೦೨೩ರ ಜೂನ್ ೧೧ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ ಪ್ರಯಾಣ ಉಚಿತವಾದದ್ದು ದೊಡ್ಡ ಉಪಕಾರವೇ ಸರಿ. ಆದರೆ ಟಿಕೆಟ್ಟಿನ ದುಡ್ಡು ಉಳಿದ ಮಾತ್ರಕ್ಕೆ ದಿನದ ಕೂಲಿ ಉಳಿಯದು. ಬಂದವರಿಗೆ ಅರ್ಧ ದಿನದ ಕೂಲಿಯನ್ನು ಕೊಡಬಾರದೇಕೆ ಎಂದು ನಾನು ಕೇಳಿದರೆ ಕೆಲವರು ನಗುತ್ತಾರೆ. ಮುಂದುವರಿದ ರೋಗದ ಚಿಕಿತ್ಸೆಗೆ ಸರ್ಕಾರವೇ ವಿಮೆಯ ಮೂಲಕ ಹಣ ಸುರಿಯುವಾಗ ಯಾರೂ ನಗುವುದಿಲ್ಲ.

ಹೊತ್ತಿನ ತೊಡಕಿಗೂ ನಾಚಿಕೆಯ ತೊಡಕಿಗೂ ಒಟ್ಟಿಗೆ ಉಪಾಯವಾಗಬಲ್ಲದ್ದು ಸ್ವಯಂ ಮಾದರಿ. ಸಣ್ಣ ಕುಂಚವೊಂದನ್ನು ಹೆಂಗಸು ತಾನೇ ಒಳಗೆ ಆಡಿಸಿ ನಳಿಕೆಯಲ್ಲಿ ಹಾಕಿ ಕೊಡುತ್ತಾಳೆ. ಉಳಿದುದನ್ನು ವೈರಾಣು ಪರೀಕ್ಷೆಯ ಯಂತ್ರ ನೋಡಿಕೊಳ್ಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ೨೦೨೧ರ ಮಾರ್ಗಸೂಚಿಯಲ್ಲಿ ಇದನ್ನು ಒಪ್ಪಿತು; ಆಸ್ಟ್ರೇಲಿಯ ೨೦೨೨ರ ಜುಲೈಯಿಂದ ಪರೀಕ್ಷೆಗೆ ಬರುವವರೆಲ್ಲರಿಗೂ ಈ ಆಯ್ಕೆಯನ್ನು ತೆರೆಯಿತು. ನಮ್ಮ ಹಳ್ಳಿಯವರಿಗೆ ಇದು ಸಾಧಿಸೀತೆ ಎಂದು ಅನುಮಾನಿಸುವವರನ್ನು ನಾನು ಬೀಜದ ಹೊಲಕ್ಕೆ ಕರೆದೊಯ್ಯಬಯಸುತ್ತೇನೆ. ಎಳೆಯ ಹೂವಿನ ಶಲಾಕೆಗೆ ಪೆಟ್ಟಾಗದಂತೆ ದಿನಕ್ಕೆ ನೂರಾರು ಬಾರಿ ಪರಾಗ ಮುಟ್ಟಿಸುವ ಕೈಗೆ ಒಂದು ಕುಂಚ ಹಿಡಿಯುವುದನ್ನು ಹೇಳಿಕೊಡಲು ಎಷ್ಟು ಹೊತ್ತು ಬೇಕು? ಬ್ಯಾಡಗಿಯಲ್ಲಿ ಮಾತ್ರ ಒಂದು ಎಚ್ಚರಿಕೆ ಬೇಕು. ಮೆಣಸಿನಕಾಯಿ ಮುಟ್ಟಿದ ಕೈಯ ಉರಿ ಒಂದು ಸಲ ನೀರಲ್ಲಿ ತೊಳೆದರೆ ಹೋಗದು. ತೊಟ್ಟು ಮುರಿಯುವವರು ಕಣ್ಣಿಗೂ ಕೈ ತಾಗಿಸದೆ ದಿನ ಕಳೆಯುತ್ತಾರೆ. ಅಲ್ಲಿ ಕೆಲಸದ ನಡುವೆ ಕುಂಚ ಹಂಚಿದರೆ ಒಬ್ಬಳು ಪಟ್ಟ ಉರಿಯ ಸುದ್ದಿ ನೂರು ಮಂದಿಯನ್ನು ಹಿಂದಕ್ಕೆ ತಿರುಗಿಸೀತು. ಕೈಚೀಲ ಕೊಡಬೇಕು, ಇಲ್ಲವೆ ರಜೆಯ ಮುಂಜಾನೆ ಮನೆಯಲ್ಲಿಯೇ ಆಗಬೇಕು. ದೆಹಲಿಯಲ್ಲಿ ಬರೆದ ಸುತ್ತೋಲೆಯಲ್ಲಿ ಇಂಥ ವಿವರ ಇರಲಾರದು. ವೈರಾಣು ಪರೀಕ್ಷೆ ದುಬಾರಿಯೆಂಬ ಆಕ್ಷೇಪಣೆ ನಿನ್ನೆಯವರೆಗೆ ಸರಿಯಾಗಿತ್ತು. ಕ್ಷಯರೋಗಕ್ಕೆಂದು ಆಸ್ಪತ್ರೆಗಳಿಗೆ ಬಂದಿರುವ ಟ್ರೂನ್ಯಾಟ್ ಯಂತ್ರದಲ್ಲಿಯೇ ಈ ವೈರಾಣುವನ್ನು ಹುಡುಕುವ ಸಾಧನವನ್ನು ಈಗ ನಮ್ಮ ದೇಶದಲ್ಲಿಯೇ ತಯಾರಿಸಿದ್ದಾರೆ.

ಫಲಿತಾಂಶದ ವಿಷಯ. ಪರೀಕ್ಷೆ ಮಾಡಿ ಉತ್ತರ ಹೇಳದೆ ಬಿಡುವುದಕ್ಕಿಂತ ಮಾಡದಿರುವುದೇ ಲೇಸು. ವೈರಾಣು ಕಂಡವಳನ್ನು ಕೂಡಲೇ ಹುಬ್ಬಳ್ಳಿಗೆ ಹೋಗೆನ್ನುವುದು ರೂಢಿ. ಹಾವೇರಿಯಿಂದ ಎಪ್ಪತ್ತು ಕಿಲೋಮೀಟರಿಗೂ ಮಿಕ್ಕ ಆ ದಾರಿಯಲ್ಲಿ, ಜೊತೆಗೆ ಬರುವ ಗಂಡನಿಗೋ ಮಗನಿಗೋ ಟಿಕೆಟ್ಟು ತೆಗೆಸಿ, ದೊಡ್ಡಾಸ್ಪತ್ರೆಯ ಸಾಲಿನಲ್ಲಿ ನಿಲ್ಲುವುದು ಆಗದೆ ಎಷ್ಟೋ ಮಂದಿ ಅಲ್ಲಿಗೇ ಕೈಬಿಡುತ್ತಾರೆ. ನಿಜವಾದ ಕ್ಯಾನ್ಸರಿಗೆ ನವನಗರದ ಕ್ಯಾನ್ಸರ್ ಸಂಸ್ಥೆಯೋ ಬೆಂಗಳೂರಿನ ಕಿದ್ವಾಯಿಯೋ ಬೇಕೇ ಬೇಕು. ಆದರೆ ಆರಂಭದ ಗಾಯವನ್ನು ಸುಡುವ ಸಲಕರಣೆ ಕೈಯಲ್ಲಿ ಹಿಡಿಯುವಂಥದು. ಅದು ಹಾವೇರಿಯ ಜಿಲ್ಲಾ ಆಸ್ಪತ್ರೆಯಲ್ಲಿಯೂ ಎರಡು ತಾಲೂಕು ಆಸ್ಪತ್ರೆಗಳಲ್ಲಿಯೂ ಇದ್ದು, ಬಳಸಬಲ್ಲವರು ಗೊತ್ತಾದ ವಾರಗಳಲ್ಲಿ ಅಲ್ಲಿ ಇರುವಂತಾದರೆ ಹುಬ್ಬಳ್ಳಿಯ ದಾರಿ ಹಿಡಿಯುವವರು ಕೆಲವರೇ. ಹಾವೇರಿಗೆ ಈಗ ಸರ್ಕಾರಿ ವೈದ್ಯಕೀಯ ಕಾಲೇಜೂ ಬಂದಿದೆ.

ಓದಿದವರು ಈ ಪಟ್ಟಿಯಿಂದ ಹೊರಗಿದ್ದಾರೆಂದು ತಿಳಿಯಬಾರದು. ಪಟ್ಟಣದ ಶಾಲೆ ಕಾಲೇಜುಗಳ ಅಧ್ಯಾಪಿಕೆಯರಲ್ಲಿ ಎಷ್ಟು ಮಂದಿಗೆ ಈ ಪರೀಕ್ಷೆಯಾಗಿದೆ? ಆದವರು ಅದನ್ನು ನೆರೆಯವಳಿಗೆ ಹೇಳಿದ್ದಾರೆಯೆ? ಹೆಣ್ಣುಮಕ್ಕಳಿಗೆ ಹಾಕಿಸುವ ಲಸಿಕೆಯ ಮಾತು ಈಗ ಎಲ್ಲೆಡೆ ಕೇಳುತ್ತಿದೆ. ಪುಣೆಯ ಸೀರಂ ಸಂಸ್ಥೆಯ ಲಸಿಕೆ ೨೦೨೩ರಲ್ಲಿ ಹೊರಬಂದಿತು. ಅದು ಒಳ್ಳೆಯದು, ಬೇಕಾದದ್ದು. ಆದರೆ ಶಾಲೆಯ ಹುಡುಗಿಗೆ ಲಸಿಕೆ ಹಾಕಿಸಿ, ಆಕೆಯನ್ನು ಹೆತ್ತವಳನ್ನು ಮರೆಯುವ ಮರೆವು ನಮ್ಮ ಉತ್ಸಾಹದಲ್ಲಿ ಇದೆ. ಈಗಾಗಲೇ ಇರುವ ಸೋಂಕನ್ನು ಲಸಿಕೆ ತೆಗೆಯುವುದಿಲ್ಲ.

ಕೊನೆಗೆ, ರಾಣೆಬೆನ್ನೂರಿನಲ್ಲಿ ಗರ್ಭಕೋಶ ಕಳೆದುಕೊಂಡವರ ಬಗೆಗೆ ಒಂದು ಮಾತು. ಈ ಹೆಂಗಸರ ಮನೆಗೂ ಆಶಾ ಕಾರ್ಯಕರ್ತೆ ಫಾರಂ ಹಿಡಿದು ಬರುತ್ತಾಳೆ. ಶಸ್ತ್ರಕ್ರಿಯೆಯಲ್ಲಿ ಗರ್ಭಕೋಶದೊಡನೆ ಅದರ ಕೊರಳನ್ನೂ ತೆಗೆದಿದ್ದರೆ ಸಾಮಾನ್ಯವಾಗಿ ಈ ಪರೀಕ್ಷೆ ಬೇಕಾಗಿಲ್ಲ. ಕೊರಳನ್ನು ಉಳಿಸಿದ್ದರೆ ಬೇಕು. ಯಾವುದನ್ನು ತೆಗೆದರು, ಯಾವುದನ್ನು ಉಳಿಸಿದರು ಎಂಬುದು ಗೊತ್ತಿರಬೇಕಾದುದು ಆಕೆಗೆ. ಆದರೆ ಕಾಗದ ಇರುವುದು ಆಸ್ಪತ್ರೆಯ ಕಪಾಟಿನಲ್ಲಿ. ಹಾವೇರಿ ಜಿಲ್ಲೆಯಲ್ಲಿ ಕರೆಯುವ ಕೆಲಸ ಇಲ್ಲಿಂದ ತೊಡಗಬಹುದು: ಆ ಸಾವಿರಕ್ಕೂ ಮಿಕ್ಕ ಹೆಂಗಸರ ಮನೆಗೆ, ಅವರ ದೇಹದಲ್ಲಿ ಏನಾಯಿತೆಂಬುದನ್ನು ಕನ್ನಡದಲ್ಲಿ ಬರೆದ ಒಂದು ಹಾಳೆಯನ್ನು ತಲುಪಿಸಿ, ಓದಿ ಹೇಳಿ, ಅಗತ್ಯವುಳ್ಳವರಿಗೆ ಮೊದಲು ಪರೀಕ್ಷೆ ಮಾಡಿಸುವುದು. ನೆರೆಹೊರೆಯವರು ನೋಡುತ್ತಿರುತ್ತಾರೆ.